ಮುಖ ನೋಡಿ ಮಣೆ ಹಾಕಿದವರಿಗೆ

ಹದಿಮೂರನೆಯ ತಿಂಗಳು, ಎರಡನೆಯ ದಿನ, 2219
ಹಿಮಗಡಿ ಬಂದರು, ಉತ್ತರ ತೀರ

ಎರಡು ಶತಮಾನಗಳ ಹಿಂದಿನ ಮಾನ್ಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ಹದಿಮೂರನೆಯ ತಿಂಗಳು ಎಂಬುದೊಂದು ನಿಜವಾಗಿಯೂ ಇದೆ. ಇಲ್ಲಿಯ ಶಾಲೆ, ಕಾರ್ಖಾನೆಗಳ ಮಾಲೀಕರೆಲ್ಲ ಸೇರಿ ಹುಟ್ಟಿಸಿದ ತಿಂಗಳು ಅದು, ರಜೆಯ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಕನ್ನಡದಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಮಾತುಗಳು ಬರುತ್ತವೆ. ಹಿಂದಿನವರಿಗೆ ಬರೆಯುವಾಗ ಅದಕ್ಕಾಗಿ ಮೊದಲೇ ಕ್ಷಮೆ ಕೇಳುವುದು ನಮ್ಮ ಕಾಲದ ಪದ್ಧತಿ. ಕೇಳಿದ್ದೇನೆ ಅಂದುಕೊಳ್ಳಿ. ಅದನ್ನು ಬಿಟ್ಟರೆ ಬೇರೆ ಯಾವುದಕ್ಕೂ ನಿಮ್ಮ ಹತ್ತಿರ ಕ್ಷಮೆ ಕೇಳುವ ಉದ್ದೇಶ ನನಗಿಲ್ಲ.

ನಾನು ನೀಲಾಂಬಿಕೆ ಕುಕನೂರು. ಕೊಪ್ಪಳದ ಕಡೆಯವಳು, ವೃತ್ತಿಯಿಂದ ಇಂಗ್ಲಿಷ್ ಟೀಚರು. ಪತ್ರ ನಿಮಗೇ ಯಾಕೆ ಎಂದರೆ, ನಾನು ಉಂಡ ಅವಮಾನಕ್ಕೆ ಒಲೆ ಹೂಡಿದವರು ನೀವು. ನಮ್ಮ ಮನೆತನದ ಗೌರಮ್ಮ ಎಂಬಾಕೆ ನಿಮ್ಮ ಕಾಲದಲ್ಲಿ ಪರದೇಶದ ಭಾಷಾಕೇಂದ್ರವೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಎಂ.ಎ. ಮಾಡಿದವಳು. ಮಕ್ಕಳ ತಂದೆತಾಯಿ ಬರುವ ದಿನ ಅವಳನ್ನು ಸಾಮಾನಿನ ಕೋಣೆಗೆ ಕಳಿಸಿ, ಊರು ನೋಡಲು ಬಂದಿದ್ದ ಒಬ್ಬ ಬಿಳಿಯ ಹುಡುಗನನ್ನು ಮುಂದೆ ನಿಲ್ಲಿಸುತ್ತಿದ್ದರಂತೆ. ಆ ಹುಡುಗನಿಗೂ ಸುಖವಿರಲಿಲ್ಲ ಬಿಡಿ. ಅವನ ಪಾಸ್‌ಪೋರ್ಟನ್ನು ಕೇಂದ್ರದ ಮಾಲೀಕನೇ ಬೀರುವಿನಲ್ಲಿಟ್ಟು ಕೀಲಿ ಹಾಕಿಕೊಂಡಿದ್ದ. ಭಾನುವಾರ ಬಂತೆಂದರೆ ಅವನ ತಲೆಗೆ ಮೊಲದ ಕಿವಿ ಸಿಕ್ಕಿಸಿ, ಅಂಗಡಿ ಬೀದಿಯಲ್ಲಿ ಬಲೂನು ಹಂಚಲು ಬಿಡುತ್ತಿದ್ದರು. ಕಲಿಸಬಲ್ಲವಳನ್ನು ಬಚ್ಚಿಟ್ಟು, ಕಲಿಸಲು ಬಾರದವನನ್ನು ಕುಣಿಸಿ, ಅದಕ್ಕೆ ಶಿಕ್ಷಣ ಎಂದು ಹೆಸರಿಟ್ಟಿರಿ. ಫೋಟೊ ಚೆನ್ನಾಗಿದೆ ಎಂದು ಮಕ್ಕಳನ್ನು ಅಲ್ಲಿಗೇ ಸೇರಿಸಿದಿರಿ. ನಿಮ್ಮ ಬುದ್ಧಿಗೆ ಏನು ಹೇಳಲಿ?

ಇನ್ನು ನಮ್ಮ ಕಾಲದ ಕಥೆ. ಈಗ ಹೊಟ್ಟೆಪಾಡಿಗೆ ಯಾರಿಗೂ ಇಂಗ್ಲಿಷ್ ಬೇಕಿಲ್ಲ. ಎಲ್ಲರ ಕಿವಿಯಲ್ಲೂ ಕಿವಿಗುಬ್ಬಿ ಇರುತ್ತದೆ. ಜೋಳದ ಕಾಳಿನಷ್ಟು ಚಿಕ್ಕದು, ಎದುರಿನವರು ಯಾವ ಭಾಷೆಯಲ್ಲಿ ಮಾತಾಡಿದರೂ ನಮ್ಮ ಭಾಷೆಯಲ್ಲಿ ಉಲಿಯುತ್ತದೆ. ಕನ್ನಡದ ಗುಬ್ಬಿಗೆ ಯಾರು ಪಾಠ ಹೇಳಿದರೋ, ಸದಾ ಹಳೆಯ ನಾಟಕದ ರಾಜನ ಹಾಗೆ ಮಾತಾಡುತ್ತದೆ. ಎಲ್ಲರ ಹತ್ತಿರ ಇರುವ ವಸ್ತು ದುಡ್ಡಿದ್ದವರಿಗೆ ರುಚಿಸುವುದಿಲ್ಲವಲ್ಲ. ಆದ್ದರಿಂದ ಸಿರಿವಂತರು ಗುಬ್ಬಿ ತೆಗೆದಿಟ್ಟು, ಸ್ವಂತ ಬಾಯಿಂದ ಇಂಗ್ಲಿಷ್ ಆಡುವುದನ್ನು ಒಡವೆ ಹಾಕಿಕೊಂಡಂತೆ ಮೆರೆಸುತ್ತಾರೆ. ಹಿಮ ಕರಗಿ ಎದ್ದ ಈ ಬಂದರಿನಲ್ಲಿ ಹಡಗಿನ ಕುಳಗಳು ಬಹಳ. ಅವರಿಗಾಗಿ ಮದಾಮ್ ಸೆವೆರಿನ್ ಎಂಬಾಕೆ ಒಂದು ಶಾಲೆ ನಡೆಸುತ್ತಾಳೆ. ಗಂಡ ತೀರಿಕೊಂಡ ಮೇಲೆ, ಅಂಬೆಗಾಲಿಡುತ್ತಿದ್ದ ಮಗಳು ದಾನಮ್ಮನನ್ನು ಅವ್ವನ ಮಡಿಲಿಗೆ ಹಾಕಿ, ನಾನು ಆ ಶಾಲೆಗೆ ಬಂದೆ.

ಮೊದಲ ದಿನವೇ ಸೆವೆರಿನ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳು ಹೇಳಿದ್ದನ್ನು ನನ್ನ ಗುಬ್ಬಿ ಹೀಗೆ ಉಲಿಯಿತು: "ಮಾನ್ಯ ಭಗಿನಿಯೇ, ತಮ್ಮ ವದನವು ನಮ್ಮ ಗಿರಾಕಿಗಳಿಗೆ ಇಂಗ್ಲಿಷನ್ನು ನೆನಪಿಸದು. ಕೃಪೆಯಿಟ್ಟು ಪರದೆಯ ಹಿಂದೆ ವಿರಾಜಮಾನರಾಗಿರಿ." ವಿರಾಜಮಾನಳಾಗಲು ನನಗೆ ಸಿಕ್ಕಿದ್ದು ಒಂದು ಮುರುಕಲು ಸ್ಟೂಲು.

ನಮ್ಮ ಶಾಲೆಗಳಲ್ಲಿ ಒಬ್ಬ ಟೀಚರ್ ಎಂದರೆ ಇಬ್ಬರು. ಮುಂದೆ ನಿಲ್ಲುವವನು ಮುಖದವನು, ಪರದೆಯ ಹಿಂದೆ ಕೂತು ಕಲಿಸುವವಳು ದನಿಯವಳು. ಮುಖದವನ ಕೊರಳಿಗೆ ಗಂಟಲಗುಂಡಿ ಎಂಬ ಬಿಲ್ಲೆ ಅಂಟಿಸಿರುತ್ತಾರೆ. ನಾನು ಹಿಂದೆ ಮಾತಾಡಿದರೆ ಅದರಿಂದ ಗಂಡಸಿನ ದನಿ ಹೊರಡುತ್ತದೆ, ಅದರ ನಡುಕಕ್ಕೆ ಅವನ ದವಡೆ ತಾನಾಗಿಯೇ ಆಡುತ್ತದೆ. ಅವನು ಬೇಡವೆಂದರೂ ಆಡುತ್ತದೆ. ನಮ್ಮ ಕಡೆಯ ತೊಗಲುಗೊಂಬೆಯ ಆಟದಲ್ಲೂ ಹಾಡುವವರು ಪರದೆಯ ಹಿಂದೆಯೇ ಇರುತ್ತಾರೆ, ಆದರೆ ಆಟ ಮುಗಿದ ಮೇಲೆ ಊರವರು ಅವರನ್ನು ಹೆಸರು ಹಿಡಿದು ಕರೆದು ಊಟಕ್ಕೆ ಕೂರಿಸುತ್ತಾರೆ. ಇಲ್ಲಿ ನಾನು ಬರುವುದೂ ಹೋಗುವುದೂ ಹಿತ್ತಲ ಬಾಗಿಲಿನಿಂದ. ಗುಟ್ಟು ಹೊರಬಿದ್ದೀತೆಂದು ನನ್ನ ಫೋಟೊ ಎಲ್ಲಿಯೂ ಇರುವಂತಿರಲಿಲ್ಲ. ಹಳೆಯವನ್ನೂ ಅಳಿಸಿಯೇ ಹಡಗು ಹತ್ತಿಸಿದ್ದರು. ಮನೆಗೆ ಮಾತಾಡುವಾಗಲೂ ಬರೀ ದನಿ. ಅವ್ವ ಬೈಯುತ್ತಿದ್ದಳು: "ಎಲ್ಲಾರ ಮಕ್ಕಳ ಫೋಟೊ ಗ್ವಾಡಿ ಮ್ಯಾಲ ಅದಾವ, ನಿಂದ್ಯಾಕ ಇಲ್ಲ? ನೀ ಅಲ್ಲಿ ಸಾಲಿ ಕಲಸಾಕ ಹೋಗಿಯೋ, ಕಳ್ಳತನ ಮಾಡಾಕ ಹೋಗಿಯೋ?" ದಾನಮ್ಮ ನನ್ನನ್ನು ಕಿವಿಯಿಂದಲೇ ಬಲ್ಲವಳಾಗಿ ಬೆಳೆದಳು.

ನನ್ನ ಪಾಲಿನ ಮುಖದವನು ಯೋರಿಸ್. ಇಂಗ್ಲೆಂಡಿನಿಂದ ನೇರವಾಗಿ ಬಂದಿಳಿದ ಮಿಸ್ಟರ್ ವಿಲ್ಫ್ರೆಡ್ ಎಂದು ಶಾಲೆಯ ಬಾಗಿಲಲ್ಲಿ ಅವನ ಆಳೆತ್ತರದ ಚಿತ್ರ. ಅಸಲಿಗೆ ಅವನು ಪಕ್ಕದ ಹಳ್ಳಿಯ ಮೀನಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ಇಂಗ್ಲಿಷಿನ ಗಂಧಗಾಳಿಯೂ ಇಲ್ಲ. ಬಿಸಿಲಿಗೆ ಹೋಗಬಾರದು, ಮೀಸೆ ಬಿಡಬಾರದು, ದಪ್ಪಗಾಗಬಾರದು, ಹುಟ್ಟಿದೂರಿನಲ್ಲೇ ಆ ಊರ ಭಾಷೆ ತಿಳಿಯದವನ ಹಾಗೆ ಪಿಳಿಪಿಳಿ ಕಣ್ಣು ಬಿಡಬೇಕು. ಮೊದಮೊದಲು ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನೋ ಕರುಣೆಯಿಂದ ದಿನಾ ಒಣಮೀನು ತಂದುಕೊಡುತ್ತಿದ್ದ. "ನಾವು ಮೀನ ತಿನ್ನೂದಿಲ್ಲೋ ಮಾರಾಯ" ಎಂದ ಮೇಲೆ ಆಲೂಗಡ್ಡೆ ತರತೊಡಗಿದ. ಇಂಥವನ ಮೇಲೆ ಎಷ್ಟು ದಿನ ಅಂತ ಸಿಟ್ಟು ಇಟ್ಟುಕೊಳ್ಳುವುದು?

ಶಿಷ್ಯಂದಿರ ವಿಷಯಕ್ಕೆ ಬರುತ್ತೇನೆ. ಮುಖದವನು ಹೇಳಿದ್ದನ್ನು ತರಗತಿಯೆಲ್ಲ ಒಟ್ಟಿಗೆ ಗಟ್ಟಿಯಾಗಿ ಮತ್ತೆ ಹೇಳಬೇಕು, ಇದು ಸೆವೆರಿನ್ನಳ ಶಾಲೆಯ ಹೆಮ್ಮೆಯ ಪದ್ಧತಿ. ಅರ್ಥ ಆಮೇಲೆ, ಮೊದಲು ಕಂಠ. ಗಂಟಲಗುಂಡಿ ದನಿಯನ್ನು ಬದಲಾಯಿಸುತ್ತದೆಯೇ ಹೊರತು ಮಾತಿನ ಧಾಟಿಯನ್ನು ಬದಲಾಯಿಸುವುದಿಲ್ಲ. ಹೀಗಾಗಿ ಹಿಮಗಡಿಯ ಸಿರಿವಂತರೆಲ್ಲ ಇವತ್ತು ಅಪ್ಪಟ ನಮ್ಮೂರು ಕುಕನೂರಿನ ಎಳೆತದಲ್ಲಿ ಇಂಗ್ಲಿಷ್ ಆಡುತ್ತಾರೆ. ಒಮ್ಮೆ ಪರದೆಯ ಹಿಂದೆ ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿ, ನಾನು "ಅಯ್ಯ ಶಿವನೇ" ಅಂದುಬಿಟ್ಟೆ. ಯೋರಿಸನ ದವಡೆಯೂ ಅಂದಿತು. ತರಗತಿ ಭಕ್ತಿಯಿಂದ "ಅಯ್ಯ ಶಿವನೇ" ಅಂದಿತು. ಆವತ್ತಿನಿಂದ ಇಲ್ಲಿಯ ದೊಡ್ಡ ಮನೆಗಳ ಔತಣದಲ್ಲಿ ಲೋಟ ಬಿದ್ದರೆ, ಟೋಪಿ ಹಾರಿದರೆ, ಹೆಂಗಸರು ಗಂಡಸರು ಕತ್ತು ನೀಳ ಮಾಡಿಕೊಂಡು ಅದನ್ನೇ ಅನ್ನುತ್ತಾರೆ, ಅಪ್ಪಟ ಇಂಗ್ಲಿಷ್ ಎಂದು. ನೀಲಿ ಕಣ್ಣಿನವನ ಬಾಯಿಂದ ಬಂದ ಮೇಲೆ ಅದು ಬೇರೆ ಏನಾಗಿರಲು ಸಾಧ್ಯ? ನನ್ನ ಮುಖದಿಂದ ಇಂಗ್ಲಿಷ್ ಕೇಳಲಾರದ ಜನ ಅವನ ಮುಖದಿಂದ ಕನ್ನಡವನ್ನೇ ಇಂಗ್ಲಿಷೆಂದು ನುಂಗಿದರು. ಹಡಗು ಕಟ್ಟುವಷ್ಟು ದುಡ್ಡಿದೆ, ತಲೆಯಲ್ಲಿ ಹಿಡಿ ರಾಗಿಯಷ್ಟೂ ಬುದ್ಧಿಯಿಲ್ಲ.

ಇಷ್ಟಾದರೂ ನಾನು ಹಲ್ಲು ಕಚ್ಚಿ ಕೂತಿದ್ದು ಗುರುನುಡಿಗಾಗಿ. ಅದೊಂದು ಕಾನೂನು. ಕಲಿತು ಮುಗಿಸಿದ ಶಿಷ್ಯರು ವರ್ಷಕ್ಕೊಮ್ಮೆ ತುಂಬಿದ ಸಭೆಯಲ್ಲಿ ಎದ್ದು ನಿಂತು ತಮ್ಮ ಗುರುವಿನ ಹೆಸರು ಹೇಳಬೇಕು. ಯಾರ ಹೆಸರು ಬಂತೋ ಅವರಿಗೆ ನೆಲೆಹಕ್ಕು. ಅಂದರೆ ಆಮೇಲೆ ಅವರನ್ನು ಯಾವ ಮಾಲೀಕನೂ ದೇಶದಿಂದ ಅಟ್ಟುವಂತಿಲ್ಲ, ಹೆತ್ತ ಮಕ್ಕಳನ್ನು ಕರೆಸಿಕೊಳ್ಳಬಹುದು. ಮಗುವಿಗೆ ಎಂಟು ತುಂಬಿರಬಾರದು, ಅಷ್ಟೇ. ಪರದೇಶದ ಟೀಚರುಗಳ ಕಣ್ಣೀರು ನೋಡಲಾರದೆ ಯಾರೋ ಪುಣ್ಯಾತ್ಮರು ಮಾಡಿದ ಕಾನೂನು. ಉಳಿದ ಮಾಲೀಕರು ಚಾಪೆ ಕೆಳಗೆ ತೂರುವವರಾದರೆ ಸೆವೆರಿನ್ ರಂಗೋಲಿ ಕೆಳಗೆ ತೂರುವವಳು. ಪ್ರತಿ ವರ್ಷ ಶಿಷ್ಯರೆಲ್ಲ, ಹುಟ್ಟೇ ಇಲ್ಲದ ವಿಲ್ಫ್ರೆಡ್‌ನ ಹೆಸರು ಹೇಳುತ್ತಿದ್ದರು, ಹಕ್ಕು ಗಾಳಿಗೆ ಹೋಗುತ್ತಿತ್ತು, ನಾನು ಅವಳ ಸ್ಟೂಲಿಗೆ ಕಟ್ಟುಬಿದ್ದೇ ಇರುತ್ತಿದ್ದೆ. ಕೇಳಿದರೆ "ಮುಂಬರುವ ವರ್ಷದಲ್ಲಿ ಅವಶ್ಯವಾಗಿ, ಭಗಿನಿ" ಎಂದು ಗುಬ್ಬಿ ಉಲಿಯುತ್ತಿತ್ತು. ದಾನಮ್ಮನಿಗೆ ಎಂಟು ತುಂಬುವ ವರ್ಷವೂ ಬಂತು. ನಾನು ಸೆವೆರಿನ್ನಳ ಮುಂದೆ ಅತ್ತೆ. ನಾಚಿಕೆ ಬಿಟ್ಟು ಕೈ ಮುಗಿದೆ. ಈ ಸಲ ಶಿಷ್ಯರಿಂದ ಖಂಡಿತ ನನ್ನ ಹೆಸರನ್ನೇ ಹೇಳಿಸುವೆನೆಂದು ಅವಳು ಮಾತು ಕೊಟ್ಟಳು.

ಸಭೆಯ ದಿನ ನಾನು ಪರದೆಯ ಹಿಂದೆ ಕೂತಿದ್ದೆ. ಶಿಷ್ಯರಲ್ಲಿ ಹಿರಿಯನಾದ ಹಾಲ್ವರ್ ಎಂಬ ಹಡಗಿನ ಸಾಹುಕಾರ ಮೊದಲು ಎದ್ದ. ವೇದಿಕೆಯ ಮೆಟ್ಟಿಲು ಎಡವಿ "ಅಯ್ಯ ಶಿವನೇ" ಅಂದ. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಗಂಭೀರವಾಗಿ, ನನ್ನ ಗುರು ಮಿಸ್ಟರ್ ವಿಲ್ಫ್ರೆಡ್, ಎಂದ. ಉಳಿದವರೂ ಅದನ್ನೇ ಅಂದರು. ಸೆವೆರಿನ್ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಳು. ಇನ್ನು ನನ್ನ ಮಗಳು ಈ ಜನ್ಮದಲ್ಲಿ ನನ್ನ ಹತ್ತಿರ ಬರುವುದಿಲ್ಲ ಎಂದು ಗೊತ್ತಾಗಿ, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಅಷ್ಟರಲ್ಲಿ, ಹೆಸರು ಬರೆದುಕೊಳ್ಳಲು ಸರ್ಕಾರದಿಂದ ಬಂದಿದ್ದ ಅಧಿಕಾರಿ ತಲೆ ಎತ್ತಿದ. ಹೊಸಬ, ಕಟ್ಟುನಿಟ್ಟಿನವನು. ವಿಲ್ಫ್ರೆಡ್ ಎಂದರೆ ಅರ್ಧ ಹೆಸರು, ಗುರು ತನ್ನ ಪೂರ್ತಿ ಹೆಸರನ್ನು ತನ್ನ ಬಾಯಿಂದಲೇ ಹೇಳಲಿ, ಎಂದ. ಯೋರಿಸ್ ಎದ್ದು ನಿಂತು ಕಣ್ಣು ಪಿಳುಕಿಸಿದ. ಅವನ ಕೊರಳಿನ ಗುಂಡಿ ನನ್ನ ಮಾತಿಗಾಗಿ ಕಾಯುತ್ತಿತ್ತು. ನಾನು ಬಾಯಿಂದ ಸೆರಗು ತೆಗೆದೆ, ಒಂದನೆಯ ಪಾಠ ಹೇಳುವಷ್ಟೇ ನಿಧಾನವಾಗಿ ಹೇಳಿದೆ: "ಮೈ ನೇಮ್ ಈಸ್ ನೀಲಾಂಬಿಕೆ ಕುಕನೂರು."

ಯೋರಿಸನ ದವಡೆ ಅದನ್ನು ಆಡಿತು. ಮಾನ್ಯರೇ, ಆಮೇಲೆ ಆದದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಮುಖದವನು ಹೇಳಿದ್ದನ್ನು ಮತ್ತೆ ಹೇಳಿಯೇ ಅಭ್ಯಾಸವಾಗಿದ್ದ ಆ ದೊಡ್ಡ ಮನುಷ್ಯರೆಲ್ಲ ಧಡಕ್ಕನೆ ಎದ್ದು ನಿಂತು, ಒಂದೇ ಕಂಠದಲ್ಲಿ, ಕುಕನೂರಿನ ಎಳೆತದಲ್ಲಿ, "ಮೈ ನೇಮ್ ಈಸ್ ನೀಲಾಂಬಿಕೆ ಕುಕನೂರು" ಎಂದರು. ಶಿಷ್ಯರ ಬಾಯಲ್ಲಿ ಹೆಸರು ಬಂತು, ತುಂಬಿದ ಸಭೆಯಲ್ಲಿ ಬಂತು. ಅಧಿಕಾರಿ ಬರೆದುಕೊಂಡು ಮುದ್ರೆ ಒತ್ತಿದ. ಸೆವೆರಿನ್ನಳ ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅದು ಅವನ ಹೆಸರಲ್ಲ ಎನ್ನಬೇಕಾದರೆ ಪರದೆ ಎತ್ತಿ ತೋರಿಸಬೇಕಿತ್ತು. ಅವಳೂ ಚಪ್ಪಾಳೆ ತಟ್ಟಿದಳು.

ಮರುದಿನ ನನ್ನ ಗುರುತಿನ ಪತ್ರ ಹಿಡಿದು ಕಚೇರಿಗೆ ಹೋದೆ. ಗುಮಾಸ್ತ ನನ್ನ ಮುಖ ನೋಡಿದ, ಹೆಸರು ನೋಡಿದ, ಮತ್ತೆ ಮುಖ ನೋಡಿದ. ಆ ಗುರು ಬಿಳಿಯ ಗಂಡಸಲ್ಲವೇ ಎಂದು ಗೊಣಗಿದ. ಕಾನೂನು ಹೆಸರು ಕೇಳುತ್ತದೆಯೋ ಮೂತಿ ಕೇಳುತ್ತದೆಯೋ ಓದಿ ಹೇಳಪ್ಪ, ಎಂದೆ. ಓದಿದ. ಹಕ್ಕು ಕೊಟ್ಟ, ಕಹಿಗುಳಿಗೆ ನುಂಗಿದವನ ಹಾಗೆ ಮುಖ ಮಾಡಿಕೊಂಡು. ಈಗ ಯೋರಿಸನ ಹಳ್ಳಿಯಲ್ಲಿ, ಮೀನು ಒಣಗಿಸುತ್ತಿದ್ದ ಕೊಟ್ಟಿಗೆಯನ್ನು ತೊಳೆದು, ಪರದೆಯಿಲ್ಲದೆ ಪಾಠ ಮಾಡುತ್ತೇನೆ. ಯೋರಿಸನೂ ಕಲಿಯುತ್ತಿದ್ದಾನೆ, ದಡ್ಡ, ಆದರೆ ಮೀಸೆ ಬಿಟ್ಟಿದ್ದಾನೆ. ಕೆಲವರು ಬಂದು ಬಾಗಿಲಲ್ಲೇ ನನ್ನ ಮುಖ ನೋಡಿ ತಿರುಗಿ ಹೋಗುತ್ತಾರೆ. ಹೋಗಲಿ, ಪೀಡೆ ಕಳೆಯಿತು.

ದಾನಮ್ಮನ ಹಡಗು ಹೋದ ವಾರ ಬಂತು. ಸಾಮಾನು ಹೊರಲು ಯೋರಿಸ್ ಜೊತೆಗೆ ಬಂದಿದ್ದ. ಬಂದರಿನ ನೌಕರ ಓಡಿಬಂದು ಅವನಿಗೆ ಕುರ್ಚಿ ಹಾಕಿದ, ನನ್ನನ್ನು ಹಿಂದಿನ ಸಾಲಿಗೆ ಸರಿಸಿದ. ನಿಮ್ಮ ಎರಡು ನೂರು ವರ್ಷದ ಸಂಸ್ಕಾರ, ಎಲ್ಲಿ ಹೋದೀತು? ಮಗುವನ್ನು ಕರೆತಂದ ಹಡಗಿನ ಹೆಂಗಸು ನಮ್ಮಿಬ್ಬರನ್ನೂ ನೋಡಿ, ನೇರ ಯೋರಿಸನತ್ತ ಅವಳನ್ನು ನೂಕಿದಳು. ಅವನು ಮೇಲೆದ್ದು ಹಿಂದಕ್ಕೆ ಕೈ ತೋರಿಸುತ್ತಲೇ ಇದ್ದ, ಅವನ ಕೈಯನ್ನು ಯಾರೂ ನೋಡಲಿಲ್ಲ. ನಾನು ಜನರ ಹಿಂದಿನಿಂದಲೇ ಕರೆದೆ: "ದಾನೂ, ಇಲ್ಲಿ ಬಾರವ್ವ."

ಅವಳು ಯೋರಿಸನ ಮುಖವನ್ನು ನೋಡಲೇ ಇಲ್ಲ. ಜನರ ಕಾಲುಗಳ ನಡುವೆ ತೂರಿ ಬಂದು ನನ್ನ ಸೀರೆ ಹಿಡಿದುಕೊಂಡಳು. ಹಿಡಿದಾದ ಮೇಲೆ ತಲೆ ಎತ್ತಿ, ಹುಟ್ಟಿದ ಮೇಲೆ ಮೊದಲ ಸಲ ಕಂಡಂತೆ, ಬಹಳ ಹೊತ್ತು ನೋಡಿದಳು.

"ಅವ್ವಾ, ನೀ ಹಿಂಗ ಅದೀ ಏನ?" ಅಂದಳು.

"ಹೌದವ್ವ, ಹಿಂಗ ಅದೀನಿ," ಅಂದೆ.

ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಮಗುವನ್ನು ಶಾಲೆಗೆ ಸೇರಿಸುವಾಗ, ಪರದೇಶದ ಟೀಚರನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ, ಒಂದು ಗಳಿಗೆ ಕಣ್ಣು ಮುಚ್ಚಿ ಕೇಳಿಸಿಕೊಳ್ಳಿ. ಎಂಟು ತುಂಬದ ಕೂಸು ಮಾಡಿದ ಕೆಲಸ ಅದು. ನೀವು ಮಾಡಲಿಲ್ಲವೆಂದು ನನಗೆ ಗೊತ್ತು, ನಾನು ನಿಮ್ಮ ಮುಂದಿನ ಕಾಲದವಳು. ಆದರೂ ಕೇಳಿದ್ದೇನೆ.

ಇತಿ,
ನೀಲಾಂಬಿಕೆ ಕುಕನೂರು
ಇಂಗ್ಲಿಷ್ ಟೀಚರು