ಹನ್ನೊಂದು ಎಣಿಸುವವರೆಗೆ

ವೆಸ್ಟ್ ಎಲ್ಮಾ, ಇಲಿನಾಯ್
ಶುಕ್ರವಾರ, 11 ಅಕ್ಟೋಬರ್ 2002

ನನ್ನ ಮುದ್ದಿನ ನೋಲನ್,

ಹೇಗಿದ್ದೀಯ ಕಂದಾ? ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಪೆಟ್ರೋಲ್ ಬಂಕಿನ ಚಿಪ್ಸ್ ತಿಂದೇ ದಿನ ತಳ್ಳುತ್ತಿದ್ದೀಯಾ? ನಿದ್ದೆ ಬರುತ್ತಿದೆಯೇ? ತಲೆನೋವು? ನಾನು ಪ್ರತಿ ಸಲ ಕೇಳುತ್ತೇನೆ, ನೀನು ಪ್ರತಿ ಸಲ "ಹ್ಞೂಂ ಅಮ್ಮಾ" ಎಂದು ಮಾತು ಮುಗಿಸುತ್ತೀಯ. ಈ ಸಲ ನಿಜ ಹೇಳಬೇಕು. ಮೊನ್ನೆ ಸಂಜೆಯಿಂದ ಹದಿನಾಲ್ಕು ಸಲ ಫೋನ್ ಮಾಡಿದೆ, ನಿನ್ನದು ಸತ್ತುಬಿದ್ದಿದೆ. ಒಮಾಹಾದಲ್ಲಿ ನಾಳಿನ ನಿಮ್ಮ ಕಾರ್ಯಕ್ರಮಕ್ಕೆ ಡ್ವೈಟ್ ಈಗಲೇ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಓದಿ ಮುಗಿಸುವ ತನಕ ವ್ಯಾನಿನ ಸ್ಟಿಯರಿಂಗ್ ಮುಟ್ಟಬೇಡ. ನನಗೆ ಭಯವಾಗಿದೆ, ನೋಲನ್. ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ಮೊನ್ನೆ ಮಧ್ಯಾಹ್ನ ನಿಮ್ಮ ಬ್ಯಾಂಡಿನ ಇಬ್ಬರು ಭಕ್ತರು ಬಾಗಿಲು ತಟ್ಟಿದರು. ಡ್ವೈಟ್ ನಿನಗೆ ಗೊತ್ತು, ನೀವು ಯಾವ ಊರಿನ ನೆಲಮಾಳಿಗೆಯಲ್ಲಿ ಬಾರಿಸಿದರೂ ಟೇಪ್ ರೆಕಾರ್ಡರ್ ಹೊತ್ತು ಬರುವವನು. ಜೊತೆಗೆ ಕರ್ಸ್ಟನ್ ಎಂಬ ಹುಡುಗಿ, ಕಾಲೇಜಿನಲ್ಲಿ ಗಣಿತ ಓದುತ್ತಾಳಂತೆ. ಒಂದು ಕಣ್ಣಿನ ಮೇಲೆ ಕೂದಲು, ಇನ್ನೊಂದು ಕಣ್ಣಿನಲ್ಲಿ ಬೆಂಕಿ. ಯಾವುದೋ ಪತ್ರಿಕೆಯವನು, ನಿಮ್ಮ ಸೈಲೊ ನೈನ್ ಇನ್ನೊಂದು ಅಳುಬುರುಕ ಇಮೋ ತಂಡ, ಡ್ರಮ್ ಬಾರಿಸುವವನಿಗೆ, ಅಂದರೆ ನಿನಗೆ, ತಾಳ ಎಣಿಸಲೂ ಬರುವುದಿಲ್ಲ ಎಂದು ಬರೆದಿದ್ದಾನಂತೆ. ಇವರು ಮೂವತ್ತೆಂಟು ಜನರ ಸಹಿ ಹಾಕಿಸಿಕೊಂಡು ಉತ್ತರ ಬರೆದಿದ್ದಾರೆ. ಇಪ್ಪತ್ತೇಳು ವರ್ಷ ಚರ್ಚಿನಲ್ಲಿ ಆರ್ಗನ್ ನುಡಿಸಿದವಳು ನಾನು ಎಂದು ನನ್ನ ಸಹಿಯೂ ಬೇಕಂತೆ. "ಅವನಿಗೇ ನಾಲ್ಕರ ಮೇಲೆ ಎಣಿಸೋಕೆ ಬರಲ್ಲ ಮಿಸೆಸ್ ವೋಲ್ಮರ್! ಏಳು, ಐದು, ಏಳು, ಆಮೇಲೆ ನೋಲನ್ ಬೇಕಂತಲೇ ಒಂದು ಖಾಲಿ ಬಿಡ್ತಾನೆ. ಒಂದೊಂದು ಊರಲ್ಲಿ ಒಂದೊಂದು ಕಡೆ. ಇಷ್ಟು ಕಷ್ಟದ ಲೆಕ್ಕ ಬೇರೆ ಯಾರು ಹಾಕ್ತಾರೆ ಹೇಳಿ?" ಎಂದಳು ಕರ್ಸ್ಟನ್. ಡ್ವೈಟ್ ಬಾಯಿ ತುಂಬ ಕುಂಬಳಕಾಯಿ ಬ್ರೆಡ್ ಇಟ್ಟುಕೊಂಡು, "ಅಳೋದು ಸುಲಭ ಅನ್ಕೊಂಡಿದಾನಾ ಆ ಮನುಷ್ಯ? ಏಳರ ತಾಳದಲ್ಲಿ ಅತ್ತು ತೋರಿಸ್ಲಿ ನೋಡೋಣ!" ಎಂದ. ನಾನು ನಕ್ಕುಬಿಟ್ಟೆ. ನಿಮ್ಮ ಗದ್ದಲ ನನಗೆ ಎಂದೂ ಹಿಡಿಸಿಲ್ಲ, ಆದರೂ ಹೆಮ್ಮೆಯಾಯಿತು. ಇದೇ ಮೇಜಿನ ಮೇಲೆ ಮರದ ಸೌಟು ಕುಟ್ಟಿ ನಿನಗೆ ಎಣಿಸಲು ಕಲಿಸಿದವಳು ನಾನು ತಾನೇ.

ಆ ಖಾಲಿಗೆ ಇವರು 'ನೋಲನ್‌ನ ಕಿಟಕಿ' ಎಂದು ಹೆಸರಿಟ್ಟಿದ್ದಾರೆ. ಅದು ಬಂದಾಗ ಎಲ್ಲರೂ ಒಂದು ಬೆರಳೆತ್ತಿ, ನೀನು ಮತ್ತೆ ಬಾರಿಸುವವರೆಗೆ ಉಸಿರು ಬಿಗಿಹಿಡಿಯಬೇಕಂತೆ. ಕರ್ಸ್ಟನ್ ಮೇಜಿನ ಮೇಲೆ ಒಂದು ದೊಡ್ಡ ನಕ್ಷೆ ಹರಡಿದಳು. ಎರಡು ವರ್ಷದ ಕಿಟಕಿಗಳೆಲ್ಲ ಅದರಲ್ಲಿವೆ. ಮೊದಲ ವರ್ಷ ಎರಡು ಎಣಿಕೆ. ಕಳೆದ ಚಳಿಗಾಲಕ್ಕೆ ಐದು. ಈ ಸೆಪ್ಟೆಂಬರಿನಲ್ಲಿ ಹನ್ನೊಂದು. "ದಿನೇ ದಿನೇ ಧೈರ್ಯ ಜಾಸ್ತಿ ಆಗ್ತಿದೆ ಅವನಿಗೆ" ಎಂದು ಬೆರಳಿಟ್ಟು ತೋರಿಸಿದಳು. ಆಮೇಲೆ ಡ್ವೈಟ್ ಆ ಸೆಪ್ಟೆಂಬರಿನ ಟೇಪ್ ಹಾಕಿದ. ಆ ದಿನ ಜಾಗವಿಲ್ಲದೆ ರೆಕಾರ್ಡರನ್ನು ನಿನ್ನ ಬೆನ್ನ ಹಿಂದೆಯೇ ಇಟ್ಟಿದ್ದನಂತೆ. ಕಿಟಕಿ ಬಂತು. ಇಬ್ಬರೂ ಕಣ್ಣು ಮುಚ್ಚಿ ಬೆರಳೆತ್ತಿದರು. ಪಾಲ್‌ನ ಗಿಟಾರಿನಲ್ಲಿ ಒಂದೇ ಸ್ವರ ಕೇಳುತ್ತಿತ್ತು. ಅದರ ಅಡಿಯಲ್ಲಿ, ತೀರ ಹತ್ತಿರದಲ್ಲಿ, ಯಾರೋ ಬರಿಬಾಯಿ ಅಗಿಯುವ ಸದ್ದು ಕೇಳಿಸಿತು. ಚಪ್, ಚಪ್, ಚಪ್. "ಚೂಯಿಂಗ್ ಗಮ್ ಅನ್ಸುತ್ತೆ, ಎಷ್ಟು ಆರಾಮಾಗಿದಾನೆ ನೋಡಿ!" ಎಂದ ಡ್ವೈಟ್. ನನ್ನ ಕೈಯಲ್ಲಿದ್ದ ಕಾಫಿ ನಕ್ಷೆಯ ಮೇಲೆ ಚೆಲ್ಲಿತು.

ಆ ಸದ್ದಿನ ಪಕ್ಕ ನಾನು ಹನ್ನೆರಡು ವರ್ಷ ಊಟ ಮಾಡಿದ್ದೇನೆ. ನಿನ್ನಪ್ಪ ಫೋರ್ಕ್ ಎತ್ತಿಕೊಂಡು ಹಾಗೇ ಕೂತುಬಿಡುತ್ತಿದ್ದದ್ದು ನೆನಪಿದೆಯಾ? ಕಣ್ಣು ತೆರೆದಿರುತ್ತಿತ್ತು, ಬಾಯಿ ಸುಮ್ಮನೆ ಅಗಿಯುತ್ತಿತ್ತು. "ಅಪ್ಪ ಕೊಟ್ಟಿಗೆಗೆ ಹೋದ" ಎಂದು ನಾವು ನಗುತ್ತಿದ್ದೆವು. ನೀನು ಸೌಟು ಬಾರಿಸಿ "ಬಾ ಅಪ್ಪಾ, ಬಾ" ಎಂದು ಕರೆಯುತ್ತಿದ್ದೆ. ವಾಪಸು ಬಂದವರು ಏನೂ ಆಗದವರಂತೆ ಉಪ್ಪು ಕೊಡು ಎನ್ನುತ್ತಿದ್ದರು. ನಿನಗೆ ಎಂಟು ವರ್ಷವಿದ್ದಾಗ, ಹಳ್ಳದ ತಿರುವಿನಲ್ಲಿ ರಸ್ತೆ ತಿರುಗಿತು, ಅವರ ಹಾಲಿನ ಲಾರಿ ತಿರುಗಲಿಲ್ಲ. ನಿದ್ದೆ ಬಂದಿತ್ತು ಎಂದು ಎಲ್ಲರೂ ಹೇಳಿದರು. ನಿನಗೂ ಹಾಗೆಯೇ ಹೇಳಿದೆ. ಅದು ನಿದ್ದೆಯಲ್ಲ ಕಂದಾ, ಅದೇ ಮೈಮರೆವು; ಈಗ ನಿನ್ನ ಕಿಟಕಿಯಲ್ಲೂ ಅದನ್ನೇ ಕೇಳಿದೆ.

ನಿನ್ನೆ ಸಂಜೆ ಊರಾಚೆಯ ರಸ್ತೆಯಲ್ಲಿ ಕಾರು ಓಡಿಸುತ್ತ ಹನ್ನೊಂದು ಎಣಿಸಿ ನೋಡಿದೆ. ಷ್ಮಿಟ್ ಅವರ ಗೇಟಿನಲ್ಲಿ ಶುರುಮಾಡಿದ್ದು, ಮುಗಿಯುವಾಗ ಸೇತುವೆ ದಾಟಿ ಜೋಳದ ಹೊಲದ ಬಳಿ ಇದ್ದೆ. ನಾನು ಕಣ್ಣು ಬಿಟ್ಟುಕೊಂಡು ಎಚ್ಚರವಾಗಿಯೇ ಎಣಿಸಿದ್ದು. ಆದರೂ ಕಾರನ್ನು ಬದಿಗೆ ನಿಲ್ಲಿಸಬೇಕಾಯಿತು. ನಾಲ್ವರಲ್ಲಿ ವ್ಯಾನ್ ಓಡಿಸುವವನು ನೀನೊಬ್ಬನೇ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆಯಲ್ಲ, ಹಿಂದಿನ ಸೀಟಿನಲ್ಲಿ ಆ ಮೂವರು ಮಲಗಿರುತ್ತಾರಲ್ಲ, ಅದೇ ಕಣ್ಣ ಮುಂದೆ ಬರುತ್ತದೆ. ಒಲೆಯ ಮೇಲಿಟ್ಟ ಸಾರು ತಳಹಿಡಿದದ್ದೂ ನನಗೆ ಗೊತ್ತಾಗಲಿಲ್ಲ.

ಕಿಟಕಿ ಏನೆಂದು ಕರ್ಸ್ಟನ್‌ಗೆ ಬಿಡಿಸಿ ಹೇಳದೆಯೇ ಆ ಉತ್ತರಕ್ಕೆ ಸಹಿ ಹಾಕಿದೆ. ಸುಳ್ಳಿಗೆ ಹಾಕಿದ್ದಲ್ಲ. ನೀನು ಎಲ್ಲಿ ನಿಂತರೂ ಪಾಲ್ ಆ ಒಂದು ಸ್ವರ ಹಿಡಿದು ಕಾಯುತ್ತಾನೆ, ನೀನು ಎಲ್ಲಿಗೆ ಬಂದು ಬಿದ್ದರೂ ಮೂವರೂ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ನನ್ನ ಚರ್ಚಿನ ಗಾಯಕರಿಗೆ ಇಷ್ಟು ವರ್ಷದಲ್ಲಿ ಅದು ಬಂದಿಲ್ಲ. ಅದು ಕಷ್ಟದ ಸಂಗೀತವೇ, ಈ ಹುಡುಗರು ಹೇಳುವುದು ಸರಿ.

ಪಾಲ್‌ಗೂ ಉಳಿದಿಬ್ಬರಿಗೂ ನನ್ನ ಪ್ರೀತಿ ತಿಳಿಸು. ಬ್ರೆಡ್ ಕಳಿಸಿದ್ದೇನೆ, ದಾರಿಯಲ್ಲಿ ಡ್ವೈಟ್ ಬಿಟ್ಟರೆ ನಿನಗೆ. ದೇವರು ನಿನ್ನನ್ನು ಒಂದು ಗಳಿಗೆಯೂ ಕೈಬಿಡದಿರಲಿ ಎಂದು ಬೇಡಿಕೊಳ್ಳುತ್ತ,

ನಿನ್ನ ಅಮ್ಮ,
ಆರ್ಲೀನ್

ಮತ್ತೊಂದು ಮಾತು: ಡ್ವೈಟ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಬರೆಯಬೇಕಾದದ್ದನ್ನು ಇನ್ನೂ ಬರೆದಿಲ್ಲ, ಧೈರ್ಯವಿರಲಿಲ್ಲ. ಆ ವರ್ಷ ನಿನ್ನಪ್ಪ ಡಾಕ್ಟರಿಗೆ ಎಲ್ಲ ಹೇಳುತ್ತೇನೆ ಎಂದಿದ್ದರು. ಬೇಡ ಎಂದವಳು ನಾನು. ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ, ಕೆಲಸ ಹೋಗುತ್ತದೆ, ಯಾರಿಗೂ ಬಾಯಿ ಬಿಡಬೇಡಿ ಎಂದೆ. ಅವರು ನನ್ನ ಮಾತು ಕೇಳಿದರು. ನಿನಗೂ ಗೊತ್ತಿದ್ದು ನೀನೂ ಮುಚ್ಚಿಟ್ಟಿದ್ದರೆ, ಆ ಬುದ್ಧಿ ನನ್ನದೇ. ಈಗ ಅದೇ ಬಾಯಿಂದ ಹೇಳುತ್ತಿದ್ದೇನೆ, ವ್ಯಾನಿನ ಕೀಲಿಕೈ ಡ್ವೈಟ್‌ಗೆ ಕೊಡು, ಸೋಮವಾರ ಡಾಕ್ಟರ ಹತ್ತಿರ ನಾನೂ ಬರುತ್ತೇನೆ. ಪಾಲ್ ನಿನಗಾಗಿ ಕಾಯುತ್ತಾನೆ ಕಂದಾ. ತಿರುವು ಕಾಯುವುದಿಲ್ಲ.