ಎರಡು ಬೆರಳು ಗಿಡ್ಡ

ರಾಸ್ ತನೂರಾ
9 ಅಕ್ಟೋಬರ್ 1986, ಗುರುವಾರ

ಪ್ರೀತಿಯ ಮುಝಫ್ಫರ್,

ಅಸ್ಸಲಾಮು ಅಲೈಕುಂ. ತಲುಪಿದ ಕೂಡಲೇ ಬರೆಯುತ್ತೇನೆಂದು ಹೇಳಿ ಬಂದವನು ಇಪ್ಪತ್ತು ದಿನ ಸುಮ್ಮನಿದ್ದೆ. ಬೈಯಬೇಡ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವನಿಗೆ ವಾರ್ಡನ್‌ಗೆ ರಜೆ ಚೀಟಿ ಬರೆದೇ ಅಭ್ಯಾಸ. ಮಧ್ಯೆ ಅರ್ಧ ಇಂಗ್ಲಿಷ್ ನುಸುಳಿದರೆ ನಗಬೇಡ.

ಬಾಪನ ಎರಡೂ ಕಣ್ಣಿಗೆ ಇನ್ನೂ ಬ್ಯಾಂಡೇಜ್ ಇದೆ. ವರ್ಕ್‌ಶಾಪಿನಲ್ಲಿ ಬ್ಯಾಟರಿ ಒಡೆದು ಆಸಿಡ್ ಚಿಮ್ಮಿದ್ದು ನಿನಗೆ ಗೊತ್ತೇ ಇದೆ. ಶನಿವಾರ ಬಿಚ್ಚುತ್ತಾರೆ. ಬಾಪನ ರೂಮಿನ ಅತೀಕುರ್ರಹ್ಮಾನ್ ಚಾಚಾ ಡ್ಯೂಟಿ ಮುಗಿಸಿ ಆಸ್ಪತ್ರೆಗೆ ಬಂದು ಶೇವ್ ಮಾಡುತ್ತಾರೆ. "ಹಿಲೋ ಮತ್, ದೂಲ್ಹೇ ಮಿಯಾಂ!" ಎಂದು, ಮದುಮಗನಿಗೆ ಹೇಳುವ ಹಾಗೆ, ಅಲುಗಾಡದಂತೆ ಗದರುತ್ತಾರೆ. ಆ ನೋವಿನಲ್ಲೂ ಬಾಪನಿಗೆ ನಗು.

ಆ ಡೆಲ್ಟಿಕ್ ಎಂಜಿನ್ನಿನ ವಿಷಯ ನಿನಗೆ ಪೂರ್ತಿ ಹೇಳಿರಲಿಲ್ಲ. ಇಲ್ಲಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರ್ ತನ್ನ ದೇಶಕ್ಕೆ ಮರಳುವಾಗ ಬಿಟ್ಟುಹೋದ ಮುರುಕು ಮಾಡೆಲ್ ಅದು. ಅವರ ದೇಶದ ಡೀಸೆಲ್ ರೈಲು ಎಂಜಿನ್ನಿನ ಎಪ್ಪತ್ತಾರನೇ ಒಂದು ಪಾಲು, ಎರಡೂ ತುದಿಗೆ ಮೂಗು. ಬಾಪ ಮೂರು ವರ್ಷದ ಶುಕ್ರವಾರಗಳನ್ನೆಲ್ಲ ಅದರ ಮುಂದೆ ಕಳೆದು, ಗಾಲಿ ಕೂರಿಸಿ, ಹಸಿರು ಬಣ್ಣ ಹೊಡೆದು ನನಗೆ ಕಳಿಸಿದ್ದರು. ಅಡಿಯಲ್ಲಿ ಮೊಳೆಯಿಂದ 'ಸಾದು' ಎಂದು ಕೆರೆದಿದ್ದರು.

ಸೀನಿಯರ್‌ಗಳು ಅದನ್ನು ಕಿತ್ತುಕೊಂಡರು ಎಂದು ನಿನಗೆ ಹೇಳಿದ್ದೆನಲ್ಲ? ಸುಳ್ಳು. ಅಂಥದ್ದೊಂದು ನನ್ನ ಪೆಟ್ಟಿಗೆಯಲ್ಲಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಇನ್ನು ನನ್ನನ್ನು ರ‍್ಯಾಗಿಂಗಿಗೆ ಕರೆಯಬೇಡಿ ಎಂದು ನಾನೇ ಟವೆಲಿನಲ್ಲಿ ಸುತ್ತಿ ಕೊಂಡುಹೋಗಿ ಕೊಟ್ಟೆ. ಅವರು ಟೆರೇಸಿನ ಅಂಚಿನಲ್ಲಿ ಓಡಿಸಿ ಬೀಳಿಸಿದರು. ತುಂಡುಗಳನ್ನು ಹೆಕ್ಕಿದವನು ನೀನು.

ನಾನು ಇಲ್ಲಿಗೆ ಹೊರಡುವ ಮೊದಲು ಬಾಪ ಫೋನಿನಲ್ಲಿ, "ಬರುವಾಗ ಎಂಜಿನ್ ತಾ ಮೋನೇ. ಕಣ್ಣು ಬಿಟ್ಟ ಕೂಡ್ಲೇ ನಂಗೆ ಅದನ್ನೇ ನೋಡ್ಬೇಕು" ಎಂದಿದ್ದರು. ನಾನು "ಹ್ಞೂಂ" ಎಂದುಬಿಟ್ಟೆ. ಅಲ್ ಖೋಬರ್‌ನ ಅಂಗಡಿಯಲ್ಲಿ ಡೆಲ್ಟಿಕ್ ಇರಲಿಲ್ಲ. ಅಂಥದೇ ಮೂಗಿನ, ಅದರ ಹಾಗೇ ಹನ್ನೆರಡು ಗಾಲಿಯ ಇನ್ನೊಂದು ಇಂಗ್ಲಿಷ್ ಡೀಸೆಲ್ ಸಿಕ್ಕಿತು. ಎರಡು ಬೆರಳು ಗಿಡ್ಡ, ಅಷ್ಟೇ.

ಮೊನ್ನೆ ಅದನ್ನು ಬಾಪನ ಕೈಗೆ ಕೊಟ್ಟೆ. ಮೂಗು ಸವರಿದರು. ಗಾಲಿ ತಿರುಗಿಸಿದರು. ಮಗುಚಿ ಅಡಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಸಲ ಸವರಿದರು. ಆಮೇಲೆ, "ಎಂತ ಮಾರಾಯ, ಹಾಸ್ಟೆಲಿನ ಊಟಕ್ಕೆ ಇದೂ ಸೊರಗಿದ್ದಾ?" ಎಂದು ನಕ್ಕರು. ನಾನೂ ನಕ್ಕೆ. ನಂಬಿದರೆಂದೇ ಅಂದುಕೊಂಡಿದ್ದೇನೆ. ಆದರೆ ಶನಿವಾರ ಕಣ್ಣಾರೆ ನೋಡಿದರೆ?

ಶನಿವಾರ ಸಂಜೆ ಊರಿಗೆ ಹೊರಡುವ ಮೊಯ್ದು ಕಾಕನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ನಿನ್ನ ಉಮ್ಮನಿಗೆ ಸಲಾಂ ಹೇಳು. ಬಾಪನಿಗಾಗಿ ದುಆ ಮಾಡು. ಅಲ್ಲಾಹನು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಸಾದುಲ್ಲಾ

ಶನಿವಾರ ಮಧ್ಯಾಹ್ನ ಸೇರಿಸಿದ್ದು: ಬ್ಯಾಂಡೇಜ್ ಬಿಚ್ಚಿದರು. ಇನ್ನು ಕಾಣುವುದಿಲ್ಲವಂತೆ, ಎರಡೂ. ಡಾಕ್ಟರ್ ಹಾಗೆ ಹೇಳಿದಾಗ ನನ್ನ ಎದೆ ಹಗುರವಾಯಿತು ಮುಝಫ್ಫರ್. ನಾನು ಬದುಕಿಕೊಂಡೆ, ಇನ್ನು ಬಾಪ ಎಂಜಿನ್ ನೋಡುವುದಿಲ್ಲ ಎಂದುಕೊಂಡೆ. ಅಳು ಬಂದದ್ದು ಆಮೇಲೆ. ಯಾರಿಗೂ ಹೇಳಬೇಡ.

ಈಗಷ್ಟೇ ಬಾಪ, "ಸಾದೂ, ಒಂದು ಮೊಳೆ ಸಿಗ್ತದಾ ನೋಡು" ಎಂದರು. ಚಾಚಾ ಎಲ್ಲಿಂದಲೋ ತಂದುಕೊಟ್ಟರು. ಎಂಜಿನ್ನನ್ನು ಮಡಿಲಲ್ಲಿ ಮಗುಚಿಟ್ಟು, ಎಡಗೈ ಬೆರಳಿನಿಂದ ಜಾಗ ಹುಡುಕಿ ಕೆರೆಯುತ್ತಿದ್ದಾರೆ. "ಇದರಲ್ಲಿ ನಿನ್ನ ಹೆಸರೇ ಇಲ್ಲ ಮೋನೇ," ಎಂದರು.

'ಸಾ' ಮುಗಿದಿದೆ. 'ದು' ಅದರ ಮೇಲೆಯೇ ಬೀಳುತ್ತಿದೆ.