ಬ್ರೇಕಿಗೆ ಹಚ್ಚಿದ ಎಣ್ಣೆ

೩-೨-೧೯೬೪, ಸೋಮವಾರ

ಬೆಳಿಗ್ಗೆ ಟ್ರಾಮಿನ ಏಳು ಡಬ್ಬಿ ಅದಿರು ಇಳಿಸಿದೆವು. ಹೋದ ವರ್ಷ ಇಷ್ಟೊತ್ತಿಗೆ ನಲವತ್ತು ಆಗುತ್ತಿತ್ತು. ಮ್ಯಾನೇಜರ್ ಹೇಳಿಯೇಬಿಟ್ಟರು — ತಿಂಗಳ ಕೊನೆಗೆ ಕೆಂಪುಕಲ್ಲು ಗಣಿ ಬಂದ್, ಟ್ರಾಮ್ ಲೈನೂ ಬಂದ್. ಮೂವತ್ತು ವರ್ಷದ ಲೈನು. ಮೊದಮೊದಲು ಎತ್ತುಗಳು ಎಳೆಯುತ್ತಿದ್ದವಂತೆ. ನಾನು ಸೇರುವ ಹೊತ್ತಿಗೆ ಇಂಜಿನ್ ಬಂದಿತ್ತು. ಗುಡ್ಡದ ಇಳಿಜಾರಿನಲ್ಲಿ ಮಾತ್ರ ಇವತ್ತಿಗೂ ಬ್ರೇಕಿನವನ ಕೈಯೇ ದೇವರು. ಹಳಿ ಕಿತ್ತು ಗುಜರಿಗೆ ಹಾಕುತ್ತಾರಂತೆ.

ನಮ್ಮನ್ನು ಭದ್ರಾವತಿಯ ಫೌಂಡ್ರಿಗೆ ತೆಗೆದುಕೊಳ್ಳುತ್ತಾರೆ. ದಾಖಲೆಯಲ್ಲಿ ತಪ್ಪಿನ ರಿಮಾರ್ಕ್ ಇಲ್ಲದವರನ್ನು ಮಾತ್ರ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ: ಓಬಯ್ಯ, ಟ್ರಾಮ್ ಮೇಸ್ತ್ರಿ. ನಮ್ಮ ಬ್ರೇಕಿನವನಾಗಿದ್ದ ಪೀರ್ ಬಾಷಾ ಹೆಸರಿಲ್ಲ. ಹೇಗಿರುತ್ತದೆ...

೪-೨

ಬರೆದೇ ಬಿಡುತ್ತೇನೆ. ಮೂರು ವರ್ಷದ ಹಿಂದಿನ ಆಯುಧಪೂಜೆ. ಡಬ್ಬಿಗಳು ಮಿರಮಿರ ಮಿಂಚಬೇಕೆಂದು ನಾನೇ ಹರಳೆಣ್ಣೆ ತಂದು ತಿಕ್ಕಿದೆ. ಹುರುಪಿನಲ್ಲಿ ಚಕ್ರಕ್ಕೆ ಒತ್ತುವ ಬ್ರೇಕಿನ ಮರಕ್ಕೂ. ಹಬ್ಬ ಮುಗಿದು ಮೊದಲ ಟ್ರಿಪ್ — ಬ್ರೇಕು ಹಿಡಿಯಲಿಲ್ಲ. ಪೀರ್ ಬಾಷಾ ಕೊನೆವರೆಗೂ ಜಗ್ಗುತ್ತಲೇ ಇದ್ದ. ಡಬ್ಬಿ ಮಗುಚಿ, ಅದಿರು ತುಂಬುವ ಹಾಲಮ್ಮನ ಕಾಲು ಹೋಯಿತು. ಎನ್‌ಕ್ವೈರಿಯಲ್ಲಿ ನಾನು ಆಡಿದ್ದು ಒಂದೇ ಮಾತು, "ಬ್ರೇಕ್ ಸರಿಯಾಗಿತ್ತು ಸಾರ್." ಅವನ ಕೆಲಸ ಹೋಯಿತು. ನಾನು ಹೇಡಿ.

೧೬-೨, ಭಾನುವಾರ

ಶಿವಮೊಗ್ಗಕ್ಕೆ ಹೋಗಿದ್ದೆ. ಪೀರ್ ಬಾಷಾ ಈಗ ಗಾಂಧಿ ಬಜಾರಿನಲ್ಲಿ ಮೂಟೆ ಹೊರುತ್ತಾನೆ. ಟೀ ಕುಡಿಸಿದ — ಅವನೇ. ಎಣ್ಣೆಯ ವಿಷಯ ಹೇಳಿದೆ.

"ಗೊತ್ತಿತ್ತು ಮೇಸ್ತ್ರಿ. ಅವತ್ತೇ ಬ್ರೇಕಿನ ಮರ ಮುಟ್ಟಿ ನೋಡಿದ್ದೆ."

"ಮತ್ಯಾಕೆ ಹೇಳ್ಲಿಲ್ಲ ಮಾರಾಯ?"

"ಏನಂತ ಹೇಳ್ಲಿ? ಸಾಬ ಪೂಜೆ ಮೇಲೆ ಗೂಬೆ ಕೂರಿಸ್ತಾನೆ ಅಂತಿದ್ರು. ನೀವು ಹೇಳ್ತೀರಿ ಅಂತ ಕಾಯ್ತಾ ಇದ್ದೆ."

ಮ್ಯಾನೇಜರಿಗೆ ಎಲ್ಲ ಬರೆದುಕೊಟ್ಟು ನಿನ್ನ ರಿಮಾರ್ಕ್ ತೆಗೆಸಿ ಪಟ್ಟಿಗೆ ಹಾಕಿಸುತ್ತೇನೆ, ಎರಡನೇ ತಾರೀಖು ಫೌಂಡ್ರಿ ಗೇಟಿಗೆ ಬಾ ಎಂದೆ. ಮನಸಾರೆಯೇ ಹೇಳಿದ್ದು.

೨೯-೨, ಶನಿವಾರ

ಕೊನೆಯ ಡಬ್ಬಿ ಇಳಿಯಿತು. ಬರೆದ ಕಾಗದ ಜೇಬಿನಲ್ಲೇ ಇತ್ತು. ಪಟ್ಟಿಗೆ ರುಜು ಹಾಕುತ್ತಾ ಮ್ಯಾನೇಜರ್ ಕೇಳಿದರು, "ಮತ್ತೇನಾದ್ರೂ ಇದೆಯಾ ಓಬಯ್ಯ?" ಕೊಟ್ಟರೆ ನನ್ನ ಹೆಸರು ಹೊಡೆದುಹಾಕುತ್ತಾರೆ. ಐವತ್ತೆರಡಾಯಿತು, ಇನ್ಯಾರು ಕೆಲಸ ಕೊಡುತ್ತಾರೆ...

"ಏನಿಲ್ಲ ಸಾರ್" ಅಂದೆ. ಥೂ.

೨-೩, ಸೋಮವಾರ. ಫೌಂಡ್ರಿ, ಊಟದ ಬಿಡುವು

ನಾನು ಬರುವ ಮೊದಲೇ ಪೀರ್ ಬಾಷಾ ಗೇಟಿಗೆ ಬಂದು ನಿಂತಿದ್ದ. ಒಗೆದ ಅಂಗಿ, ಕ್ಷೌರ ಬೇರೆ. ಹೆಸರು ಕರೆದರು. ನಾನು ಒಳಗೆ ಹೋದೆ. ಕೊನೆಯ ಹೆಸರೂ ಆಯಿತು. ಗೇಟಿನ ಕಂಬಿ ಹಿಡಿದು ಕೇಳಿದ, "ನಂದು ಎರಡನೇ ಪಟ್ಟೀಲಿದೆಯಾ ಮೇಸ್ತ್ರಿ?"

"ಹೂಂ, ನಿಂತಿರು" ಅಂದುಬಿಟ್ಟೆ. ಎರಡನೇ ಪಟ್ಟಿ ಅನ್ನುವುದೇ ಇಲ್ಲ.

ಈಗ ಹನ್ನೆರಡೂವರೆ. ಬಿಸಿಲು. ಇನ್ನೂ ಅಲ್ಲೇ —